ತಾಳೆ ನೋಡಿ ಕೊಳ್ಳುವ ಗಡಿಯಾರ: ಒಮೆಗಾ ಸ್ಪೀಡ್‌ಮಾಸ್ಟರ್ ತಲೆಮಾರುಗಳ ಸಮಗ್ರ ಮಾರ್ಗದರ್ಶಿ

ಕಳೆದ ಬೇಸಿಗೆಯಲ್ಲಿ ಬೀದರಿನ ಮಿತ್ರರೊಬ್ಬರು ಕಲಬುರಗಿಯ ನಮ್ಮ ಮನೆಗೆ ಎರಡು ಕೈಗಡಿಯಾರಗಳನ್ನು ತಂದು, ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಇಟ್ಟರು. ಎರಡೂ ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್. ಎರಡನ್ನೂ 1969ರದ್ದು ಎಂದೇ ಮಾರುವವರು ಹೇಳಿದ್ದರು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷದ ಗಡಿಯಾರವೆಂದರೆ ಕೊಳ್ಳುವವನ ಕೈ ಸಡಿಲವಾಗುತ್ತದೆ ಎಂಬುದು ಅವರಿಗೆ ಗೊತ್ತು. ಮೊದಲ ನೋಟಕ್ಕೆ ಎರಡೂ ಅವಳಿ ಮಕ್ಕಳಂತಿದ್ದವು: ಕಪ್ಪು ಡಯಲ್, ಅದರೊಳಗೆ ಮೂರು ಚಿಕ್ಕ ಡಯಲ್‌ಗಳು, ಅಂಚಿನಲ್ಲಿ ವೇಗದ ಅಂಕಿಗಳಿರುವ ಕಪ್ಪು ಬಳೆ, ಅಂದರೆ ಬೆಜೆಲ್. ಒಂದು ತಾಸು ಕುಳಿತು ನೋಡಿದ ಮೇಲೆ, ಒಂದು ನಿಜವಾಗಿಯೂ ಆ ಕಾಲದ್ದೆಂದೂ ಇನ್ನೊಂದು ಮೂರು ದಶಕಗಳ ಬಿಡಿಭಾಗಗಳನ್ನು ಕೂಡಿಸಿ ನಿಲ್ಲಿಸಿದ್ದೆಂದೂ ತಿಳಿಯಿತು.

ನಮ್ಮ ಭಾಗದಲ್ಲಿ ಹೊಲ ಕೊಳ್ಳುವವರು ಪಹಣಿಯೊಂದನ್ನೇ ನೋಡಿ ಸಂಚಕಾರ ಕೊಡುವುದಿಲ್ಲ. ಪಹಣಿ, ನಕಾಶೆ, ಖರೀದಿ ಪತ್ರದ ಚಕ್ಕುಬಂದಿ, ಬದುವಿನ ಕಲ್ಲು, ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ಸ್ಪೀಡ್‌ಮಾಸ್ಟರಿನ ತಲೆಮಾರುಗಳನ್ನು ಹೋಲಿಸುವ ಕೆಲಸವೂ ಹಾಗೆಯೇ. ಕೇಸು ಒಂದು ವರ್ಷ ಹೇಳಿ, ಬೆಜೆಲ್ ಇನ್ನೊಂದು ವರ್ಷ ಹೇಳಿ, ಮುಳ್ಳುಗಳು ಮೂರನೆಯದನ್ನು ಹೇಳಿದರೆ, ಬಿಡಿಬಿಡಿಯಾಗಿ ಎಲ್ಲವೂ ಅಸಲಿಯಾಗಿದ್ದರೂ ಒಟ್ಟು ಗಡಿಯಾರ ಅಸಲಿಯಲ್ಲ. ಈ ಮಾರ್ಗದರ್ಶಿಯನ್ನು ಆ ತಾಳೆ ನೋಡುವ ಕ್ರಮದಲ್ಲಿಯೇ ಬರೆದಿದ್ದೇನೆ.

ಮೇಜಿನ ಮೇಲೆ ಬೇಕಾದುದು

ಹೆಚ್ಚೇನೂ ಬೇಡ. ಸರಾಫ್ ಬಜಾರಿನ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂತಹ ಹತ್ತು ಪಟ್ಟಿನ ಭೂತಗನ್ನಡಿ, ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಟ್ಟುಕೊಳ್ಳುವ ನೇರಳೆ ಬೆಳಕಿನ ಚಿಕ್ಕ ಟಾರ್ಚು, ಮಿಲಿಮೀಟರ್ ಅಳೆಯುವ ಕ್ಯಾಲಿಪರ್, ಒಂದು ನೋಟ್‌ಬುಕ್ಕು. ಬೆನ್ನ ಮುಚ್ಚಳವನ್ನು ತೆರೆಯಲು ಮಾತ್ರ ಅನುಭವಿ ರಿಪೇರಿಗಾರರ ಕೈ ಬೇಕು. ಮನೆಯಲ್ಲಿ ಇಕ್ಕಳ ಹಿಡಿದು ಪ್ರಯತ್ನಿಸಿದರೆ ಮುಚ್ಚಳದ ಮೇಲೆ ಉಳಿಯುವ ಗೀರು ಜೀವಮಾನದಲ್ಲಿ ಹೋಗುವುದಿಲ್ಲ.

ಮೊದಲ ಹೆಜ್ಜೆ: ಮಷೀನಿನ ವಂಶಾವಳಿ ತಿಳಿಯುವುದು

ಸ್ಪೀಡ್‌ಮಾಸ್ಟರ್ 1957ರಲ್ಲಿ ಬಂದಾಗ ಅದಕ್ಕೂ ಅಂತರಿಕ್ಷಕ್ಕೂ ಸಂಬಂಧವಿರಲಿಲ್ಲ. ಅದು ಮೋಟಾರು ಪಂದ್ಯದವರನ್ನು ಮನಸ್ಸಿನಲ್ಲಿಟ್ಟು ಮಾಡಿದ, ಸ್ಟಾಪ್‌ವಾಚ್ ಒಳಗೊಂಡ, ಚಾವಿ ಕೊಟ್ಟು ನಡೆಸುವ ಗಡಿಯಾರ. ಅಂದಿನಿಂದ ಇಂದಿನವರೆಗೆ ಈ ಮುಖ್ಯ ಮನೆತನದಲ್ಲಿ ನಾಲ್ಕು ಮಷೀನುಗಳು ಬಂದುಹೋಗಿವೆ, ಮತ್ತು ಸಂಗ್ರಾಹಕರು ತಲೆಮಾರು ಎಂದಾಗ ಬಹುಮಟ್ಟಿಗೆ ಹೇಳುವುದು ಈ ನಾಲ್ಕನ್ನೇ.

ಮೊದಲನೆಯದು 321. ಲೆಮಾನಿಯಾ ಸಂಸ್ಥೆಯಲ್ಲಿ ಆಲ್ಬರ್ಟ್ ಪಿಗೆ 1940ರ ದಶಕದಲ್ಲಿ ರೂಪಿಸಿದ ಮಷೀನಿನ ಮೇಲೆ ಇದು ನಿಂತಿದೆ. ತಾಮ್ರದ ಬಣ್ಣ, 17 ಹರಳು (ಚಕ್ರಗಳ ಅಚ್ಚು ಸವೆಯದಂತೆ ಒಳಗೆ ಕೂರಿಸುವ ಪುಟ್ಟ ಕಲ್ಲುಗಳು), ತಾಸಿಗೆ 18,000 ಮಿಡಿತ, ಅಂದರೆ ಸೆಕೆಂಡಿಗೆ 5. ಸ್ಟಾಪ್‌ವಾಚನ್ನು ಓಡಿಸುವ, ನಿಲ್ಲಿಸುವ ಕೆಲಸವನ್ನು ಇದರಲ್ಲಿ ಕಾಲಮ್ ವೀಲ್ ಮಾಡುತ್ತದೆ. ಅದು ಸುತ್ತಲೂ ಪುಟ್ಟ ಕಂಬಗಳಿರುವ ಮಂಟಪದಂತಹ ಚಕ್ರ. ಗುಂಡಿ ಒತ್ತಿದಾಗಲೆಲ್ಲ ಒಂದೊಂದು ಹಲ್ಲು ತಿರುಗಿ, ಸನ್ನೆಗಳು ಕಂಬದ ಮೇಲೆ ಏರುತ್ತವೆ ಇಲ್ಲವೇ ಸಂದಿನಲ್ಲಿ ಇಳಿಯುತ್ತವೆ. ತಯಾರಿಸಲು ಖರ್ಚು ಹೆಚ್ಚು, ಒತ್ತಲು ಬಲು ನಯ.

1968ರಲ್ಲಿ ಬಂದ 861 ಅದೇ ಪಿಗೆಯವರ ವಿನ್ಯಾಸ. ಕಾಲಮ್ ವೀಲ್ ಹೋಗಿ, ಸನ್ನೆಗಳನ್ನು ತಳ್ಳುವ ಅಂಕುಡೊಂಕು ಅಂಚಿನ ತಗಡಾದ ಕ್ಯಾಮ್ ಬಂದಿತು, ಮಿಡಿತ 21,600ಕ್ಕೆ, ಅಂದರೆ ಸೆಕೆಂಡಿಗೆ 6ಕ್ಕೆ ಏರಿತು. 1990ರ ದಶಕದ ಉತ್ತರಾರ್ಧದಲ್ಲಿ ಇದಕ್ಕೇ ರೋಡಿಯಂ ಲೇಪನ ಕೊಟ್ಟು 1861 ಎಂದು ಕರೆದರು. ಹೀಗಾಗಿ ತಾಮ್ರವರ್ಣ ಕಂಡರೆ ಹಳೆಯದು, ಬೆಳ್ಳಿವರ್ಣ ಕಂಡರೆ ಹೊಸದು ಎಂಬ ಸ್ಥೂಲ ಗುರುತು ಸಿಗುತ್ತದೆ. 2021ರ ಜನವರಿಯಲ್ಲಿ ಮುಖ್ಯ ಮಾದರಿಗೆ 3861 ಬಂದಿತು. ಮಿಡಿತ 21,600 ಆಗಿಯೇ ಉಳಿಯಿತು, ಆದರೆ ಮಿಡಿತವನ್ನು ಹದದಲ್ಲಿಡುವ ಭಾಗದ ಉಜ್ಜಾಟವನ್ನು ಕಡಿಮೆ ಮಾಡುವ ಕೋ-ಆಕ್ಸಿಯಲ್ ವ್ಯವಸ್ಥೆ, 26 ಹರಳು, ಪೂರ್ತಿ ಚಾವಿಗೆ 50 ತಾಸಿನ ಓಟ, 15,000 ಗಾಸ್ ಅಯಸ್ಕಾಂತ ಕ್ಷೇತ್ರವನ್ನು ತಡೆಯುವ ಶಕ್ತಿ, ದಿನಕ್ಕೆ 0ಯಿಂದ 5 ಸೆಕೆಂಡಿನಷ್ಟು ಮಾತ್ರ ಮುಂದೆ ಓಡಬಹುದೆಂಬ ಪ್ರಮಾಣೀಕರಣ, ಇವೆಲ್ಲ ಸೇರಿದವು. ಜೊತೆಗೆ, ಸಮಯ ಹೊಂದಿಸಲು ಗುಂಡಿ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವ ಅನುಕೂಲ ಈ ಮನೆತನಕ್ಕೆ ದೊರೆತದ್ದೂ ಆಗಲೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. 1969ರ ಜುಲೈನಲ್ಲಿ ಬಜ್ ಆಲ್ಡ್ರಿನ್ ಚಂದ್ರನ ನೆಲದ ಮೇಲೆ ಧರಿಸಿದ್ದು 321 ಮಷೀನಿನ, 105.012 ಎಂಬ ಮಾದರಿ ಸಂಖ್ಯೆಯ ಗಡಿಯಾರ. (ನೌಕೆಯೊಳಗಿನ ಟೈಮರ್ ಕೈಕೊಟ್ಟಿದ್ದರಿಂದ ಆರ್ಮ್‌ಸ್ಟ್ರಾಂಗ್ ತಮ್ಮದನ್ನು ಒಳಗೆ ಬಿಟ್ಟು ಇಳಿದಿದ್ದರು. ಆಲ್ಡ್ರಿನ್ನರ ಗಡಿಯಾರ ಮುಂದೆ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಸಾಗಿಸುವಾಗ ಕಳೆದುಹೋಯಿತು. ಅದನ್ನೇ ತಂದಿದ್ದೇನೆಂದು ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳುಹಿಸಿಬಿಡಿ.) ಆದರೆ 1969ರಲ್ಲಿ ತಯಾರಾಗುತ್ತಿದ್ದದ್ದು ಆಗಲೇ 861 ಮಷೀನಿನ 145.022. ಅಂದರೆ, ಚಂದ್ರನ ವರ್ಷದ ಗಡಿಯಾರ ಎನ್ನುವುದೂ ಚಂದ್ರನಿಗೆ ಹೋದ ಬಗೆಯ ಗಡಿಯಾರ ಎನ್ನುವುದೂ ಬೇರೆ ಬೇರೆ. ಸಂಗ್ರಾಹಕರು ಹೆಚ್ಚು ಹಣ ತೆರುವುದು ಎರಡನೆಯದಕ್ಕೆ, ಅಂದರೆ 1968ಕ್ಕಿಂತ ಹಿಂದಿನದಕ್ಕೆ. ಮಿತ್ರರಿಗೆ ಇಷ್ಟು ಹೇಳುವಷ್ಟರಲ್ಲಿಯೇ ಅರ್ಧ ಉತ್ಸಾಹ ಇಳಿದಿತ್ತು.

ಎರಡನೆಯ ಹೆಜ್ಜೆ: ಕೇಸಿನ ಆಕಾರ

1957ರ ಸಿಕೆ 2915, 1959ರ ಸಿಕೆ 2998, ಅನಂತರದ 105.002 ಮತ್ತು 105.003, ಈ ನಾಲ್ಕರಲ್ಲಿಯೂ ಬೆಲ್ಟ್ ಸಿಕ್ಕಿಸುವ ಕಾಲುಗಳು ನೇರವಾಗಿವೆ, ಚಾವಿ ಗುಂಡಿಯ ಪಕ್ಕದಲ್ಲಿ ರಕ್ಷಣೆಯ ಉಬ್ಬು ಇಲ್ಲ, ಅಳತೆ 42 ಮಿಲಿಮೀಟರಿಗಿಂತ ಚಿಕ್ಕದು. 1964ರ 105.012ರಿಂದ ಆಚೆಗೆ ಬಲಬದಿ ದಪ್ಪವಾಗಿ, ಗುಂಡಿಗಳಿಗೆ ರಕ್ಷಣೆ ಸಿಕ್ಕಿ, ಕೇಸು ಅಸಮವಾಯಿತು; ಅಳತೆ 42ಕ್ಕೆ ಬಂದಿತು; ಕಾಲುಗಳು ಒಳಮುಖವಾಗಿ ತಿರುಚಿ ಹರಿತವಾದ ಅಂಚು ಪಡೆದವು. ಡಯಲಿನ ಮೇಲೆ ಪ್ರೊಫೆಷನಲ್ ಎಂಬ ಪದ ಕಾಣಿಸಿಕೊಂಡದ್ದೂ ಈ 105.012ರಿಂದಲೇ. ಆದ್ದರಿಂದ ನೇರ ಕಾಲಿನ ಹಳೆಯ ಕೇಸಿನಲ್ಲಿ ಪ್ರೊಫೆಷನಲ್ ಡಯಲ್ ಕಂಡರೆ ಅಲ್ಲಿಗೇ ನಿಲ್ಲಿಸಿ ಪ್ರಶ್ನೆ ಕೇಳಬೇಕು.

ತಲೆಮಾರುಗಳು ಒಂದರ ಹಿಂದೆ ಒಂದು ಸಾಲಾಗಿ ಬರಲಿಲ್ಲವೆಂಬುದನ್ನೂ ನೆನಪಿಡಬೇಕು. 105.012 ಬಂದ ಮೇಲೂ 105.003 ಕೆಲವು ವರ್ಷ ಜೊತೆಯಲ್ಲಿಯೇ ತಯಾರಾಯಿತು. 1965ರ ಜೂನ್ 3ರಂದು ಎಡ್ ವೈಟ್ ಅಮೆರಿಕದ ಮೊದಲ ಅಂತರಿಕ್ಷ ನಡಿಗೆಯಲ್ಲಿ ಧರಿಸಿದ್ದು ಈ 105.003, ಸಂಗ್ರಾಹಕರ ಬಾಯಲ್ಲಿ ಅದರ ಹೆಸರೇ ಎಡ್ ವೈಟ್.

ಕೇಸಿನಲ್ಲಿ ನಿಜವಾಗಿ ನೋಡಬೇಕಾದದ್ದು ಪಾಲಿಶ್. ಗಡಿಯಾರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕಾಲಿನ ಅಂಚಿನ ಗುಂಟ ದೃಷ್ಟಿ ಹಾಯಿಸಿರಿ. ಹೊಳಪಿನ ಮೈ ಮತ್ತು ಗೆರೆ ಎಳೆದ ಮೈ ಕೂಡುವ ಕಡೆ ಗೆರೆ ಹರಿತವಾಗಿ ಓಡಬೇಕು. ಅದು ಸವೆದ ಸಾಬೂನಿನಂತೆ ಗುಂಡಗಾಗಿದ್ದರೆ ಯಂತ್ರಕ್ಕೆ ಹಿಡಿದು ಉಜ್ಜಿದ್ದಾರೆಂದು ಅರ್ಥ. ಬೀದರಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಕೋಟೆಯ ಮಣ್ಣಿನಲ್ಲಿ ಅದ್ದಿ ಪಡೆದ ಬಿದರಿ ಪಾತ್ರೆಯ ಕಪ್ಪನ್ನು, ಹೊಳೆಯಲೆಂದು ಯಾರಾದರೂ ಉಜ್ಜಿ ತೆಗೆದರೆ ಉಳಿಯುವುದು ಏನೆಂದು ಅವರಿಗೆ ಗೊತ್ತು. ಗೀರುಗಳಿರುವ, ಆದರೆ ಅಂಚು ಉಳಿದಿರುವ ಕೇಸನ್ನು, ಕನ್ನಡಿಯಂತೆ ಮಿನುಗುವ ಕೇಸಿಗಿಂತ ನಾನು ಯಾವಾಗಲೂ ಮೇಲೆಂದು ಎಣಿಸುತ್ತೇನೆ.

ಮೂರನೆಯ ಹೆಜ್ಜೆ: ಬೆಜೆಲ್ ಮತ್ತು ತೊಂಬತ್ತರ ಚುಕ್ಕೆ

ಸಿಕೆ 2915ರ ಬೆಜೆಲ್ ಬರಿಯ ಉಕ್ಕಿನದು. 2998ರಿಂದ ಕಪ್ಪು ಅಲ್ಯೂಮಿನಿಯಂ ಪಟ್ಟಿ ಬಂದಿತು. ಆ ಪಟ್ಟಿಯ ಮೇಲೆ, ಸುಮಾರು ನಲವತ್ತು ನಿಮಿಷದ ಗುರುತಿನ ನೇರಕ್ಕೆ 90 ಎಂಬ ಅಂಕಿಯಿದೆ. ಭೂತಗನ್ನಡಿಯನ್ನು ಅಲ್ಲಿಗೇ ಒಯ್ಯಿರಿ. 1970ರ ಆಸುಪಾಸಿನವರೆಗಿನ ಪಟ್ಟಿಗಳಲ್ಲಿ ಚುಕ್ಕೆ 90ರ ಮೇಲ್ಭಾಗದಲ್ಲಿ, ಪಟ್ಟಿಯ ಹೊರ ಅಂಚಿನ ಕಡೆಗೆ ಇರುತ್ತದೆ. ಅನಂತರದವುಗಳಲ್ಲಿ ಚುಕ್ಕೆ ಇಳಿದು ಅಂಕಿಯ ಪಕ್ಕಕ್ಕೆ ಬಂದಿದೆ. ಸಾಸಿವೆಯ ಕಾಲು ಭಾಗದಷ್ಟಿರುವ ಈ ಚುಕ್ಕೆಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯಿದೆಯೆಂದರೆ, ಹಳೆಯ ಪಟ್ಟಿಯೊಂದನ್ನೇ ಬೇರೆಯಾಗಿ ದುಬಾರಿ ಬೆಲೆಗೆ ಮಾರುವವರಿದ್ದಾರೆ, ಮತ್ತು ಅದೇ ಕಾರಣಕ್ಕೆ ನಕಲಿ ಪಟ್ಟಿಗಳೂ ಇವೆ.

ನಮ್ಮ ಮೇಜಿನ ಮೇಲಿದ್ದ ಎರಡನೆಯ ಗಡಿಯಾರ ಮೊದಲು ಸಿಕ್ಕಿಬಿದ್ದದ್ದು ಇಲ್ಲಿಯೇ. ಅದರ ಚುಕ್ಕೆ 90ರ ಪಕ್ಕದಲ್ಲಿತ್ತು. ಪಟ್ಟಿಯ ಕಪ್ಪು ಒಂದಿಷ್ಟೂ ಮಾಸಿರಲಿಲ್ಲ. ಐವತ್ತು ವರ್ಷ ಕೈಯಲ್ಲಿ ತಿರುಗಿದ ವಸ್ತುವಿನ ಅಂಚಿನಲ್ಲಿ ಇರಬೇಕಾದ ಬೂದುಬಣ್ಣದ ತೇಪೆ ಎಲ್ಲಿಯೂ ಇರಲಿಲ್ಲ. ಪಟ್ಟಿ ಬದಲಾಯಿಸುವುದು ಅಪರಾಧವಲ್ಲ, ಸರ್ವಿಸಿನಲ್ಲಿ ಅದು ಸಾಮಾನ್ಯ. ಬದಲಾಯಿಸಿದ್ದನ್ನು ಹೇಳದೆ ಇರುವುದು, ಹೇಳದೆಯೂ ಪೂರ್ತಿ ಬೆಲೆ ಕೇಳುವುದು ತಪ್ಪು.

ಇನ್ನೊಂದು ಎಚ್ಚರ: 2021ರ ಮಾದರಿಯಲ್ಲಿ ಒಮೆಗಾ ಚುಕ್ಕೆಯನ್ನು ಮತ್ತೆ 90ರ ಮೇಲೆ ಏರಿಸಿದೆ. ಆದ್ದರಿಂದ ಚುಕ್ಕೆ ಮೇಲಿದೆ ಎಂದಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸುವ ಕಾಲ ಮುಗಿಯಿತು.

ನಾಲ್ಕನೆಯ ಹೆಜ್ಜೆ: ಡಯಲ್, ಮುಳ್ಳು ಮತ್ತು ಹೊಳೆಯುವ ಬಣ್ಣ

ಮುಳ್ಳುಗಳ ಲೆಕ್ಕ ಸುಲಭ. 2915ರಲ್ಲಿ ಅಗಲವಾದ ಬಾಣದಂತಹ ಗಂಟೆ ಮುಳ್ಳು, 2998 ಮತ್ತು 105.002ರಲ್ಲಿ ಬುಡ ಅಗಲವಾಗಿ ತುದಿ ಚೂಪಾಗುವ ಆಲ್ಫಾ ಮುಳ್ಳುಗಳು, 105.003ರಿಂದ ಇಂದಿನವರೆಗೆ ನೇರವಾದ ಬಿಳಿ ಕೋಲುಗಳು.

ಡಯಲಿನಲ್ಲಿ ಮೂರು ಗುರುತುಗಳನ್ನು ನೋಡಬೇಕು. ಹನ್ನೆರಡರ ಕೆಳಗಿನ ಒಮೆಗಾ ಚಿಹ್ನೆ 321ರ ಕಾಲದಲ್ಲಿ ಲೋಹದ ತುಂಡಾಗಿ ಅಂಟಿರುತ್ತದೆ; 861ರ ಮೊದಲ ಕಂತಾದ 145.022-68ರಲ್ಲಿಯೂ ಅದು ಉಳಿದಿತ್ತು. ಅನಂತರ ಬಣ್ಣದಲ್ಲಿ ಮುದ್ರಿಸಿದರು. ಎರಡನೆಯದಾಗಿ, ಡಯಲಿನ ಹೊರ ಅಂಚು ಒಂದು ಮೆಟ್ಟಿಲಿನಷ್ಟು ತಗ್ಗಿರುವ ವಿನ್ಯಾಸ 1970ರ ದಶಕದ ಮಧ್ಯದ ಹೊತ್ತಿಗೆ ಹೋಯಿತು, ಮತ್ತೆ 2021ರಲ್ಲಿ ಬಂದಿತು. ಮೂರನೆಯದು ನನಗೆ ಬಹಳ ಮೆಚ್ಚಿಗೆಯಾದ ಗುರುತು: ಸೆಕೆಂಡುಗಳ ನಡುವಿನ ಸಣ್ಣ ಗೆರೆಗಳು. ಸೆಕೆಂಡಿಗೆ 5 ಮಿಡಿತದ 321ಕ್ಕೆ ತಕ್ಕಂತೆ ಒಂದೊಂದು ಸೆಕೆಂಡನ್ನು ಐದು ಭಾಗ ಮಾಡಿದ್ದರು. ಮಿಡಿತ 6ಕ್ಕೆ ಏರಿದ ಮೇಲೂ ಐದು ಭಾಗಗಳನ್ನೇ ಹಾಗೆಯೇ ನಡೆಸಿಕೊಂಡು ಬಂದರು. 2021ರಲ್ಲಿ, ಮಿಡಿತಕ್ಕೆ ಹೊಂದುವಂತೆ, ಮೂರು ಭಾಗ ಮಾಡಿದರು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಡಯಲೂ ಮಷೀನೂ ಬೇರೆ ಬೇರೆ ಲೆಕ್ಕ ಹೇಳುತ್ತಿದ್ದವು, ಯಾರೂ ತಕರಾರು ಮಾಡಲಿಲ್ಲ. ಭೂತಗನ್ನಡಿಯಲ್ಲಿ ಗೆರೆ ಎಣಿಸಿದರೆ ಸಾಕು, ಡಯಲ್ 3861ರದ್ದೋ ಅದಕ್ಕಿಂತ ಹಿಂದಿನದೋ ಎಂಬುದು ಮುಚ್ಚಳ ತೆರೆಯದೆಯೇ ತಿಳಿಯುತ್ತದೆ.

ಕತ್ತಲಲ್ಲಿ ಹೊಳೆಯುವ ಬಣ್ಣ ಹೇಳುವ ಕಥೆ ಇನ್ನೂ ದೊಡ್ಡದು. ಆರಂಭದ ಗಡಿಯಾರಗಳಲ್ಲಿ ರೇಡಿಯಂ ಇತ್ತು. ಅನಂತರ 1990ರ ದಶಕದ ಕೊನೆಯವರೆಗೆ ಟ್ರಿಟಿಯಂ. ಅಲ್ಲಿಂದಾಚೆಗೆ ವಿಕಿರಣವಿಲ್ಲದ ಸೂಪರ್-ಲುಮಿನೋವಾ. ಟ್ರಿಟಿಯಂ ಬಳಸಿದ ಡಯಲಿನ ಕೆಳತುದಿಯಲ್ಲಿ ಸ್ವಿಸ್ ಮೇಡ್ ಎಂಬುದರ ಎರಡೂ ಪಕ್ಕ ಇಂಗ್ಲಿಷಿನ ಟೀ ಅಕ್ಷರವಿರುತ್ತದೆ. ಟ್ರಿಟಿಯಂ ಪ್ರತಿ 12.3 ವರ್ಷಕ್ಕೆ ಅರ್ಧಕ್ಕೆ ಇಳಿಯುವುದರಿಂದ 1970ರ ಡಯಲಿನಲ್ಲಿ ಈಗ ಉಳಿದಿರುವುದು ನೂರಕ್ಕೆ ಐದು ಪಾಲಿಗಿಂತಲೂ ಕಡಿಮೆ. ಕೋಣೆ ಕತ್ತಲು ಮಾಡಿ, ನೇರಳೆ ಟಾರ್ಚನ್ನು ಕೆಲವು ಸೆಕೆಂಡು ಬಿಟ್ಟು ಆರಿಸಿರಿ. ಹಳೆಯ ಬಣ್ಣ ತಕ್ಷಣ ಇಲ್ಲವೇ ಕೆಲವೇ ಕ್ಷಣಗಳಲ್ಲಿ ಮಂಕಾಗುತ್ತದೆ. ಹಸಿರಾಗಿ ನಿಮಿಷಗಟ್ಟಲೆ ಹೊಳೆಯುತ್ತಿದ್ದರೆ ಅದು ಹೊಸ ಬಣ್ಣ. ಡಯಲ್ ಆರಿ ಮುಳ್ಳುಗಳು ಮಾತ್ರ ಹೊಳೆಯುತ್ತಿದ್ದರೆ ಮುಳ್ಳುಗಳನ್ನು ಬದಲಾಯಿಸಲಾಗಿದೆ. ರೇಡಿಯಂ ಇದ್ದ ಗಡಿಯಾರ ಹೊಳೆಯದಿದ್ದರೂ ಅದರ ವಿಕಿರಣ ಹೋಗಿರುವುದಿಲ್ಲ, ಏಕೆಂದರೆ ಅದರ ಅರ್ಧಾಯುಷ್ಯ 1,600 ವರ್ಷ. ಅಂತಹ ಡಯಲನ್ನು ಮನೆಯಲ್ಲಿ ತೆರೆದು ಕೆರೆಯಬಾರದು.

ಈ ಪರೀಕ್ಷೆಯ ಬೆಲೆ ನನಗೆ ನಷ್ಟದಿಂದ ತಿಳಿದದ್ದು. ಸೌದಿಯಲ್ಲಿ ವರ್ಷಗಟ್ಟಲೆ ದುಡಿದು ಬಂದ ನಮ್ಮ ಸೋದರಮಾವ 1970ರ ದಶಕದ 145.022 ಒಂದನ್ನು ತಂದಿದ್ದರು. ಡಯಲಿನ ಚುಕ್ಕೆಗಳೂ ಮುಳ್ಳುಗಳೂ ಒಂದೇ ಹದಕ್ಕೆ ಮಾಗಿ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಅವರ ತರುವಾಯ ಅದನ್ನು ನಾನು ಪರವೂರಿನ ಅಂಗಡಿಯೊಂದಕ್ಕೆ ಸರ್ವಿಸಿಗೆ ಕೊಟ್ಟೆ. ಮರಳಿ ಬಂದಾಗ ಮುಳ್ಳುಗಳು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದವು, ಕಾಲುಗಳ ಅಂಚು ಕರಗಿತ್ತು. ಹಳೆಯ ಮುಳ್ಳುಗಳನ್ನು ಕೇಳಿದಾಗ, ಕಸಕ್ಕೆ ಹೋದವು ಎಂದರು. ಹೊಸದನ್ನು ಹಾಕಿಕೊಟ್ಟಿದ್ದಕ್ಕೆ ನಾನು ಸಂತೋಷಪಡಬೇಕೆಂಬ ಧಾಟಿಯಲ್ಲಿಯೇ ಹೇಳಿದರು. ಚೀಟಿಯ ಮೇಲೆ ನಾನು ಏನನ್ನೂ ಬರೆಸಿರಲಿಲ್ಲ.

ಕಪ್ಪು ಡಯಲ್ ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗಿದ್ದರೆ ಸಂಗ್ರಾಹಕರು ಟ್ರಾಪಿಕಲ್ ಎಂದು ಕರೆದು ಹೆಚ್ಚು ಬೆಲೆ ಕೊಡುತ್ತಾರೆ. ಕಂದು ಎಲ್ಲ ಕಡೆ ಸಮನಾಗಿದ್ದರೆ ಒಪ್ಪಬಹುದು; ನೀರು ಹೊಕ್ಕು ಕಲೆಯಾದದ್ದನ್ನೂ ಆ ಹೆಸರಿನಲ್ಲಿ ಮಾರುವುದುಂಟು.

ಗ್ಲಾಸಿನ ಬಗ್ಗೆ ಎರಡು ಮಾತು ಸಾಕು. ಮೂಲ ಗ್ಲಾಸು ಹೆಸಲೈಟ್ ಎಂಬ ಅಕ್ರಿಲಿಕ್; ಒಡೆದರೂ ಚೂರುಚೂರಾಗಿ ಸಿಡಿಯದು. ಅದರ ನಟ್ಟನಡುವೆ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಒಮೆಗಾ ಚಿಹ್ನೆ ಇರುತ್ತದೆ. ಅದು ಇಲ್ಲದಿದ್ದರೆ ಗ್ಲಾಸು ಹೊರಗಿನದು, ಬದಲಾಯಿಸಿಕೊಂಡರಾಯಿತು.

ಐದನೆಯ ಹೆಜ್ಜೆ: ಬೆನ್ನ ಮುಚ್ಚಳ ಮತ್ತು ಒಳಗಿನ ಸಂಖ್ಯೆಗಳು

ಮುಚ್ಚಳದ ಹೊರಮೈ ಮೇಲೆ ಕಡಲಕುದುರೆಯ ಚಿತ್ರವಿರುತ್ತದೆ. ಚಂದ್ರನ ಮೇಲೆ ಧರಿಸಿದ ಮೊದಲ ಗಡಿಯಾರ ಎಂಬ ಇಂಗ್ಲಿಷ್ ಬರಹ 1969ರ ಜುಲೈಗಿಂತ ಮೊದಲು ತಯಾರಾದ ಗಡಿಯಾರದ ಬೆನ್ನಿನ ಮೇಲೆ ಹುಟ್ಟಿನಿಂದ ಇರಲು ಸಾಧ್ಯವಿಲ್ಲ. ಇದು ಹೇಳಬೇಕಾದ ಮಾತೇ ಅಲ್ಲವೆನಿಸಬಹುದು, ಆದರೆ 1967ರ ಗಡಿಯಾರವೆಂದು ಅಂತಹ ಮುಚ್ಚಳ ಹಾಕಿ ಮಾರುವುದನ್ನು ನಾನೇ ನೋಡಿದ್ದೇನೆ.

ಮುಚ್ಚಳದ ಒಳಮೈ ಮೇಲೆ ಮಾದರಿಯ ಸಂಖ್ಯೆ ಕೊರೆದಿರುತ್ತದೆ. 1960ರ ಮತ್ತು 70ರ ದಶಕದವುಗಳಲ್ಲಿ ಅದರ ಬಾಲಕ್ಕೆ 145.022-69 ಎಂಬಂತೆ ಎರಡಂಕಿಯ ವರ್ಷವಿರುತ್ತದೆ. ಅದು ಕೇಸಿನ ವರ್ಷ. ಗಡಿಯಾರ ಅಂಗಡಿಗೆ ಹೋದದ್ದು ಒಂದೆರಡು ವರ್ಷ ತಡವಾಗಿಯೂ ಇರಬಹುದು. ಮಷೀನಿನ ಸೇತುವೆಯ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಯ) ಮೇಲೆ ಎಂಟಂಕಿಯ ಸಂಖ್ಯೆ ಬೇರೆಯಾಗಿದೆ. ಸ್ಥೂಲವಾಗಿ 1957ರ ಹೊತ್ತಿಗೆ ಒಂದೂವರೆ ಕೋಟಿಯ ಆಸುಪಾಸು, 1969ರ ಹೊತ್ತಿಗೆ 2 ಕೋಟಿ 80 ಲಕ್ಷದ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಅಂದಾಜಿಗೆ ಸಾಕು. ಸಂಖ್ಯೆಗಳನ್ನು ಕಂತು ಕಂತಾಗಿ ಹಂಚುತ್ತಿದ್ದುದರಿಂದ ಇದನ್ನು ಜನನ ಪ್ರಮಾಣಪತ್ರದಂತೆ ಹಿಡಿಯಬಾರದು.

ಮಿತ್ರರ ಎರಡನೆಯ ಗಡಿಯಾರದ ಮುಚ್ಚಳ ತೆಗೆದಾಗ ಒಳಗೆ ಬೆಳ್ಳಿವರ್ಣದ 1861 ಓಡುತ್ತಿತ್ತು, ಮುಚ್ಚಳದ ಒಳಗೆ 145.022-69 ಎಂದಿತ್ತು. ರಿಪೇರಿಗಾರರು ಕಣ್ಣಿನಿಂದ ಭೂತಗನ್ನಡಿ ತೆಗೆದು, ಏನೂ ಹೇಳದೆ, ಅದನ್ನು ನಮ್ಮ ಕಡೆಗೆ ತಿರುಗಿಸಿ ಇಟ್ಟರು.

ಆರನೆಯ ಹೆಜ್ಜೆ: ಚೈನ್

ಬೇಗ ಮುಗಿಯುವ ಕೆಲಸ. 1960ರ ದಶಕದ 1035 ಮತ್ತು 1039 ಚೈನುಗಳ ಕೊಂಡಿಯ ಒಳಗೆ ತ್ರೈಮಾಸಿಕ ಮತ್ತು ವರ್ಷ ಅಚ್ಚಾಗಿರುತ್ತದೆ. 3, 68 ಎಂದರೆ 1968ರ ಮೂರನೆಯ ತ್ರೈಮಾಸಿಕ. 1970ರ ದಶಕದಿಂದ 1171 ಬಂದಿತು. ಈಗಿನ ಚೈನು ಕೇಸಿನ ಬಳಿ 20 ಮಿಲಿಮೀಟರಿನಿಂದ ಕೊಂಡಿಯ ಬಳಿ 15ಕ್ಕೆ ಕಿರಿದಾಗುತ್ತದೆ. ಹಳೆಯ ಚೈನಿಗೆ ಬೇರೆಯಾಗಿಯೇ ಬೆಲೆ ಇರುವುದರಿಂದ, ಅದು ಇಲ್ಲದ ಗಡಿಯಾರದ ಬೆಲೆಯನ್ನು ಅಷ್ಟರಮಟ್ಟಿಗೆ ಇಳಿಸಿಯೇ ಮಾತನಾಡಬೇಕು.

ಏಳನೆಯ ಹೆಜ್ಜೆ: ಓಡಿಸಿ ನೋಡುವುದು

ಪೂರ್ತಿ ಚಾವಿ ಕೊಟ್ಟು ಒಂದು ದಿನ ಇಟ್ಟು, ಮೊಬೈಲಿನ ಸಮಯಕ್ಕೆ ಎಷ್ಟು ಹಿಂದೆ ಅಥವಾ ಮುಂದೆ ಬಂದಿದೆಯೆಂದು ಬರೆದುಕೊಳ್ಳಿರಿ. ಅನಂತರ ಮೇಲಿನ ಗುಂಡಿ ಒತ್ತಿ ಸ್ಟಾಪ್‌ವಾಚ್ ಓಡಿಸಿ, ಮೂರರ ಕಡೆಯ ಚಿಕ್ಕ ಡಯಲಿನಲ್ಲಿ 30 ನಿಮಿಷ, ಆರರ ಕಡೆಯದರಲ್ಲಿ 12 ತಾಸು ಸರಿಯಾಗಿ ದಾಖಲಾಗುತ್ತವೆಯೇ ನೋಡಿರಿ. ನಿಲ್ಲಿಸಿ, ಕೆಳಗಿನ ಗುಂಡಿ ಒತ್ತಿದಾಗ ಮೂರೂ ಮುಳ್ಳುಗಳು ಸೊನ್ನೆಗೆ ನೆಟ್ಟಗೆ ಬರಬೇಕು. ಕೂದಲೆಳೆಯಷ್ಟು ಓರೆಯಾದರೂ ಸರ್ವಿಸಿನ ಖರ್ಚನ್ನು ಬೆಲೆಯಿಂದ ಕಳೆಯಬೇಕು.

ಬೆಜೆಲಿನ ಅಂಕಿಗಳು ಅಲಂಕಾರವಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವಾಗ, ಕಾರು ಓಡಿಸದೆ ಪಕ್ಕದಲ್ಲಿ ಕುಳಿತಿರುವವರು, ಒಂದು ಕಿಲೋಮೀಟರ್ ಕಲ್ಲಿನ ಬಳಿ ಗುಂಡಿ ಒತ್ತಿ ಮುಂದಿನ ಕಲ್ಲಿನ ಬಳಿ ನಿಲ್ಲಿಸಲಿ. ಮುಳ್ಳು 45 ಸೆಕೆಂಡಿಗೆ ನಿಂತರೆ ಅದರ ನೇರಕ್ಕೆ ಬೆಜೆಲಿನ ಮೇಲೆ 80 ಇರುತ್ತದೆ. ಅದೇ ತಾಸಿನ ವೇಗ. ಚಂದ್ರನ ಕಥೆಯೆಲ್ಲ ಸೇರಿಕೊಂಡದ್ದು ಆಮೇಲೆ, ಗಡಿಯಾರ ಹುಟ್ಟಿದ್ದು ಇದಕ್ಕಾಗಿ.

ಎಂಟನೆಯ ಹೆಜ್ಜೆ: ಕಾಗದಪತ್ರದ ಮೇಲೆ ಎಷ್ಟು ಭರವಸೆ?

ಒಮೆಗಾ ತನ್ನ ದಾಖಲೆಗಳಿಂದ ಕೊಡುತ್ತಿದ್ದ ಹಳೆಯ ದೃಢೀಕರಣ ಪತ್ರ ಮಷೀನಿನ ಸಂಖ್ಯೆಯನ್ನು ಹಿಡಿದು, ಅದು ಯಾವಾಗ ತಯಾರಾಗಿ ಯಾವ ದೇಶಕ್ಕೆ ಹೋಯಿತೆಂದು ಹೇಳುತ್ತದೆ. ಈಗ ಕೇಸಿನ ಮೇಲಿರುವ ಬೆಜೆಲ್ ಅದರದ್ದೇ ಎಂದು ಅದು ಹೇಳುವುದಿಲ್ಲ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಸಿಕೆ 2915 ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೀರಿ ಮಾರಾಟವಾಯಿತು. ಕೊಂಡದ್ದು ಒಮೆಗಾದ ಸ್ವಂತ ವಸ್ತುಸಂಗ್ರಹಾಲಯಕ್ಕಾಗಿ. ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಅದನ್ನು ಮಾಡಲಾಗಿತ್ತೆಂದೂ ಇದರಲ್ಲಿ ತನ್ನ ಮಾಜಿ ಉದ್ಯೋಗಿಗಳ ಕೈವಾಡವಿತ್ತೆಂದೂ 2023ರಲ್ಲಿ ಕಂಪನಿಯೇ ಹೇಳಿತು. ತಯಾರಿಸಿದವರ ಮನೆಯಲ್ಲಿಯೇ ಹೀಗಾದ ಮೇಲೆ, ಸೂಪರ್ ಮಾರ್ಕೆಟಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ತೋರಿಸುವ ಲ್ಯಾಮಿನೇಟ್ ಮಾಡಿದ ಹಾಳೆಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಓದುಗರೇ ಯೋಚಿಸಲಿ.

ಒಂಬತ್ತನೆಯ ಹೆಜ್ಜೆ: ಯಾವ ತಲೆಮಾರು ಯಾರಿಗೆ?

ದಿನನಿತ್ಯ ಕಟ್ಟುವವರಿಗೆ 3861ನ್ನೇ ಹೇಳುತ್ತೇನೆ. ನಮ್ಮ ಬಿಸಿಲಿಗೆ ಈ ಗಡಿಯಾರ ಅಂಜುವುದಿಲ್ಲ; 1965ರ ಮಾರ್ಚ್ 1ರಂದು ಒಪ್ಪಿಗೆ ಕೊಡುವ ಮೊದಲು ನಾಸಾದವರು ಇದನ್ನು 71 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ತಾಸು, ಮೇಲೆ 93 ಡಿಗ್ರಿಯಲ್ಲಿ ಅರ್ಧ ತಾಸು ಬೇಯಿಸಿ ನೋಡಿದ್ದರು, ಕಲಬುರಗಿಯ ಮೇ ತಿಂಗಳು ಅದರ ಮುಂದೆ ತಂಪೇ ಸರಿ. ಇಲ್ಲಿ ಹಾಳು ಮಾಡುವುದು ಬೆವರು ಮತ್ತು ಎರೆಮಣ್ಣಿನ ಧೂಳು, ಅದೂ ವಾಷರುಗಳು ಒಣಗಿ ಬಿರುಕುಬಿಟ್ಟ ಹಳೆಯ ಗಡಿಯಾರಗಳನ್ನು. 50 ಮೀಟರ್ ನೀರಿನ ಭರವಸೆ ವಾಷರ್ ಹೊಸದಿದ್ದಾಗ ಮಾತ್ರ. ಹಳೆಯದನ್ನು ಕಟ್ಟಿಕೊಂಡು ಕೈ ತೊಳೆಯುವುದನ್ನೂ ನಾನು ಬಿಟ್ಟಿದ್ದೇನೆ.

ಹಳೆಯ ಗಡಿಯಾರ ಬೇಕು, ಆದರೆ ರಿಪೇರಿಯ ಚಿಂತೆ ಕಡಿಮೆಯಿರಬೇಕು ಎನ್ನುವವರಿಗೆ 861 ಅಥವಾ ಟ್ರಿಟಿಯಂ ಕಾಲದ ಕೊನೆಯವು ಸರಿ. ಬಿಡಿಭಾಗ ಸಿಗುತ್ತದೆ, ಕ್ಯಾಮ್ ವ್ಯವಸ್ಥೆ ಗಟ್ಟಿಮುಟ್ಟು, ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ಗಡಿಯಾರ) ಬಲ್ಲ ರಿಪೇರಿಗಾರರು ಇಲ್ಲಿ ಸಿಗದಿದ್ದರೆ ಹೈದರಾಬಾದು ದೂರವಿಲ್ಲ. ಈ ವರ್ಗದ ಗಡಿಯಾರಗಳನ್ನು ಮಾರುಕಟ್ಟೆ ಇನ್ನೂ ತಕ್ಕಷ್ಟು ಗೌರವಿಸಿಲ್ಲವೆಂಬುದು ನನ್ನ ಅಭಿಪ್ರಾಯ. 321 ಕೊಳ್ಳುವವರು ಅದರ ಬೆಲೆಯ ಜೊತೆಗೆ ಅದರ ಭಾಗಗಳ ದುಬಾರಿಯನ್ನೂ ಹೊತ್ತುಕೊಳ್ಳಬೇಕು. ಆ ಮಷೀನಿನ ಮೇಲೆಯೇ ಮನಸ್ಸಿದ್ದರೆ, 2020ರಲ್ಲಿ ಒಮೆಗಾ ಅದನ್ನು ಮತ್ತೆ ತಯಾರಿಸಿ 39.7 ಮಿಲಿಮೀಟರಿನ ಉಕ್ಕಿನ ಕೇಸಿನಲ್ಲಿ ತಂದ ಹೊಸ ಎಡ್ ವೈಟ್ ಇದೆ. ದುಬಾರಿಯೇ, ಆದರೆ ತಾಳೆ ನೋಡುವ ತಲೆನೋವಿಲ್ಲ.

ಕೊನೆಯ ಹೆಜ್ಜೆ: ಹಣ ಮತ್ತು ಚೀಟಿ

2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದು ಕಾನೂನಿಗೆ ವಿರುದ್ಧ. ಬ್ಯಾಂಕಿನ ಮೂಲಕವೇ ಪಾವತಿಸಿ, ಮಾದರಿಯ ಸಂಖ್ಯೆ, ಮಷೀನಿನ ಸಂಖ್ಯೆ, ಬದಲಾದ ಭಾಗಗಳ ವಿವರ ಇರುವ ರಸೀದಿ ಪಡೆಯಿರಿ. ಅದೇ ದಿನ ಡಯಲ್, ಮುಳ್ಳು, ಬೆಜೆಲಿನ 90, ಕಾಲಿನ ಅಂಚು, ಒಳಗಿನ ಮಷೀನು, ಇವುಗಳ ಚಿತ್ರ ತೆಗೆದಿಟ್ಟುಕೊಳ್ಳಿರಿ. ಮಿತ್ರರು ಎರಡನೆಯ ಗಡಿಯಾರವನ್ನು ಹಿಂದಿರುಗಿಸಿ ಮೊದಲನೆಯದನ್ನು ಉಳಿಸಿಕೊಂಡರು. ಅದನ್ನು ಸರ್ವಿಸಿಗೆ ಕೊಡುವಾಗ ನಾನೇ ಜೊತೆಗೆ ಹೋಗಿ, ಅಂಗಡಿಯ ಚೀಟಿಯ ಮೇಲೆ ಮೂರು ಸಾಲು ಬರೆಸಿದೆ: ಕೇಸಿಗೆ ಪಾಲಿಶ್ ಬೇಡ, ಮುಳ್ಳು, ಡಯಲ್, ಬೆಜೆಲ್ ಮುಟ್ಟಬಾರದು, ತೆಗೆದ ಪ್ರತಿ ತುಂಡನ್ನೂ ಪೊಟ್ಟಣ ಕಟ್ಟಿ ಹಿಂದಿರುಗಿಸಬೇಕು.